ಚೀನೀ ಭಾಷೆಯ ಹೇತುವಾಚಕ ಪೂರ್ವಸರ್ಗಗಳು: ‘ಬರಿದಾಗುವಿಕೆ’ಯ ಮರುಚಿಂತನೆ

ಹತ್ತೊಂಬತ್ತನೆಯ ಶತಮಾನದ ಯುರೋಪಿನ ಭಾಷಾಶಾಸ್ತ್ರವು ಜಗತ್ತಿನ ಭಾಷೆಗಳನ್ನು ಸ್ಥೂಲವಾಗಿ ಮೂರು ವರ್ಗಗಳಲ್ಲಿ ಇರಿಸಿತು. ಪದಗಳು ಬಿಡಿಬಿಡಿಯಾಗಿ ನಿಲ್ಲುವ ಭಾಷೆಗಳು, ಪ್ರತ್ಯಯಗಳು ಒಂದರ ಹಿಂದೊಂದು ಅಂಟಿಕೊಳ್ಳುವ ಭಾಷೆಗಳು, ಪ್ರಕೃತಿ ಮತ್ತು ಪ್ರತ್ಯಯಗಳು ಬೇರ್ಪಡಿಸಲಾಗದಂತೆ ಬೆಸೆದುಹೋಗುವ ಭಾಷೆಗಳು ಎಂಬುದು ಆ ವಿಂಗಡಣೆ. ಆಗಸ್ಟ್ ಶ್ಲೈಷರ್ (1821–1868) ಈ ವರ್ಗಗಳನ್ನು ಬೆಳವಣಿಗೆಯ ಮೆಟ್ಟಿಲುಗಳೆಂದೂ ಗ್ರಹಿಸಿದ. ಆ ಗ್ರಹಿಕೆಯಲ್ಲಿ ಚೀನೀ ಭಾಷೆ ಕೆಳಗಿನ ಮೆಟ್ಟಿಲಿನಲ್ಲಿಯೂ ಸಂಸ್ಕೃತ, ಗ್ರೀಕ್‌ಗಳು ಮೇಲಿನ ಮೆಟ್ಟಿಲಿನಲ್ಲಿಯೂ ನಿಂತವು. ಕನ್ನಡದಂತಹ ದ್ರಾವಿಡ ಭಾಷೆಗಳಿಗೆ ನಡುವಿನ ಸ್ಥಾನ ದೊರೆಯಿತು. ಭಾಷಾವಿಜ್ಞಾನವು ಈ ಏಣಿಯನ್ನು ಕೈಬಿಟ್ಟು ಬಹಳ ಕಾಲವಾಗಿದೆ. ಆದರೆ ಅದರ ನೆರಳು ಪೂರ್ಣವಾಗಿ ಸರಿದಿಲ್ಲ. ‘ಚೀನೀ ಭಾಷೆಗೆ ವ್ಯಾಕರಣವಿಲ್ಲ, ಪದಕ್ರಮ ಮಾತ್ರ ಇದೆ’ ಎಂಬ ಮಾತು ಇಂದಿಗೂ ಕೇಳಿಬರುತ್ತದೆ. ಕನ್ನಡದ ಭಾಷಾಶಾಸ್ತ್ರೀಯ ಬರಹಗಳಲ್ಲಿಯೂ ಚೀನೀ ಭಾಷೆಯ ಪ್ರಸ್ತಾಪ ಸಾಮಾನ್ಯವಾಗಿ ಮೊದಲನೆಯ ವರ್ಗಕ್ಕೆ ಉದಾಹರಣೆಯಾಗಿ ಬಂದು ಅಲ್ಲಿಗೇ ನಿಂತುಬಿಡುತ್ತದೆ.

ಪ್ರತ್ಯಯವಿಲ್ಲದ ಭಾಷೆಗೆ ವ್ಯಾಕರಣದ ಚರಿತ್ರೆಯೂ ಇರಲಾರದು ಎಂಬುದು ಈ ಮಾತಿನ ಹಿಂದಿರುವ ನಂಬಿಕೆ. ಈ ನಂಬಿಕೆಯನ್ನು ಪರೀಕ್ಷಿಸಲು ‘ಕಾರಣ’ವನ್ನು ಹೇಳುವ ಪದಗಳಿಗಿಂತ ಉತ್ತಮವಾದ ಕ್ಷೇತ್ರ ಮತ್ತೊಂದಿಲ್ಲ. ಕಾರಣವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ, ಎರಡು ಘಟನೆಗಳ ನಡುವೆ ಮನಸ್ಸು ಕಲ್ಪಿಸುವ ಸಂಬಂಧ. ಅದನ್ನು ಹೆಸರಿಸಲು ಭಾಷೆ ಬೇರೆಡೆಯಿಂದ ಪದವನ್ನು ಕಡ ತರಬೇಕಾಗುತ್ತದೆ. ಚೀನೀ ಭಾಷೆ ಮೂರು ಸಾವಿರ ವರ್ಷಗಳ ಲಿಖಿತ ದಾಖಲೆಯಲ್ಲಿ ಈ ಕಡವನ್ನು ಮತ್ತೆ ಮತ್ತೆ ತಂದಿದೆ. ಹಾಗೆ ತಂದ ಪದಗಳು ತಮ್ಮ ಮೂಲಾರ್ಥವನ್ನು ಕಳೆದುಕೊಂಡು ಬರಿದಾದವು ಎಂಬುದು ರೂಢಿಯ ವಿವರಣೆ. ಅವು ಬರಿದಾಗಲಿಲ್ಲ, ಹಳೆಯ ಅರ್ಥವೇ ಹೊಸ ಬಳಕೆಯ ಎಲ್ಲೆಯನ್ನು ಗುರುತಿಸುತ್ತ ಬಂದಿದೆ ಎಂಬುದು ಪ್ರಸ್ತುತ ಲೇಖನದ ವಾದ.

1. ‘ತುಂಬಿದ ಪದ’ ಮತ್ತು ‘ಬರಿದಾದ ಪದ’

ಮೊದಲಿಗೆ ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಕನ್ನಡದಲ್ಲಿ ನಾಮಪದದ ನಂತರ ವಿಭಕ್ತಿ ಪ್ರತ್ಯಯವೋ ಪರಸರ್ಗವೋ ಬಂದು ಅದರ ಸಂಬಂಧವನ್ನು ಸೂಚಿಸುತ್ತದೆ. ಚೀನೀ ಭಾಷೆಯಲ್ಲಿ ಅದೇ ಕೆಲಸವನ್ನು ಮಾಡುವ ಪದ ನಾಮಪದಕ್ಕೆ ಮೊದಲೇ ಬರುತ್ತದೆ. ಅದನ್ನು ಇಲ್ಲಿ ಪೂರ್ವಸರ್ಗವೆಂದು ಕರೆಯಲಾಗಿದೆ. ಚೀನೀ ಪದಗಳನ್ನು ಇಂದಿನ ಪ್ರಮಾಣ ಉಚ್ಚಾರಣೆಗೆ ಸಮೀಪವಾಗಿ ಬರೆಯಲಾಗಿದೆ. ಪ್ರಾಚೀನ ಕಾಲದ ಉಚ್ಚಾರಣೆ ಇದಕ್ಕಿಂತ ಬಹಳ ಭಿನ್ನವಾಗಿತ್ತೆಂಬುದನ್ನು ನೆನಪಿನಲ್ಲಿಡಬೇಕು.

ಚೀನೀ ವಿದ್ವತ್ ಪರಂಪರೆ ಪದಗಳನ್ನು ‘ತುಂಬಿದವು’ ಮತ್ತು ‘ಬರಿದಾದವು’ ಎಂದು ಎರಡಾಗಿ ನೋಡುತ್ತ ಬಂದಿದೆ. ವಸ್ತು, ಕ್ರಿಯೆ, ಗುಣಗಳನ್ನು ಹೇಳುವ ಪದಗಳು ತುಂಬಿದವು. ಸಂಬಂಧವನ್ನು ಮಾತ್ರ ಹೇಳುವವು ಬರಿದಾದವು. ಇಂದಿನ ಬರಿದಾದ ಪದಗಳೆಲ್ಲ ಹಿಂದೆ ತುಂಬಿದ ಪದಗಳೇ ಆಗಿದ್ದವು ಎಂಬ ಅಭಿಪ್ರಾಯವನ್ನು ಹದಿನಾಲ್ಕನೆಯ ಶತಮಾನದ, ಯುವಾನ್ ರಾಜವಂಶದ ಕಾಲದ ವಿದ್ವಾಂಸ ಝೌ ಬೋಚಿ ಆಗಲೇ ಮಂಡಿಸಿದ್ದ. ಪಶ್ಚಿಮದಲ್ಲಿ ಇದೇ ವಿದ್ಯಮಾನಕ್ಕೆ ‘ವ್ಯಾಕರಣೀಕರಣ’ ಎಂಬ ಹೆಸರು ದೊರೆತದ್ದು 1912ರಲ್ಲಿ, ಆಂತ್ವಾನ್ ಮೆಯ್ಯೆಯ ಬರಹದ ಮೂಲಕ. 1898ರಲ್ಲಿ ಪ್ರಕಟವಾಗತೊಡಗಿದ ಮಾ ಜಿಯಾನ್‌ಝೊಂಗ್‌ನ ವ್ಯಾಕರಣ, ಚೀನೀಯನೊಬ್ಬ ತನ್ನ ಭಾಷೆಗೆ ಬರೆದ ಮೊದಲ ಸಮಗ್ರ ವ್ಯಾಕರಣವೆಂದು ಪರಿಗಣಿತವಾಗಿದೆ. ಲ್ಯಾಟಿನ್ ವ್ಯಾಕರಣದ ಮಾದರಿಯನ್ನು ಬಲ್ಲವನಾಗಿದ್ದ ಆತ ಪೂರ್ವಸರ್ಗಗಳಿಗೆ ‘ನಡುವೆ ನಿಲ್ಲುವ ಪದ’ ಎಂಬರ್ಥದ ಹೆಸರನ್ನಿಟ್ಟ.

ಝೌ ಬೋಚಿಯ ಹೇಳಿಕೆ ಮೂಲದ ದೃಷ್ಟಿಯಿಂದ ಬೆಲೆಯುಳ್ಳದ್ದು. ಆದರೆ ಪದವೊಂದು ತುಂಬಿದ ಸ್ಥಿತಿಯಿಂದ ಬರಿದಾದ ಸ್ಥಿತಿಗೆ ಸಾಗಿತು ಎಂದಷ್ಟೇ ಹೇಳಿದರೆ ಎಲ್ಲ ಪದಗಳೂ ಕೊನೆಗೆ ಒಂದೇ ಬಗೆಯ ಶೂನ್ಯವನ್ನು ತಲುಪುತ್ತವೆಂಬ ಭಾವನೆ ಉಂಟಾಗುತ್ತದೆ. ಹೇತುವಾಚಕ ಪದಗಳ ಚರಿತ್ರೆ ಇದಕ್ಕೆ ವ್ಯತಿರಿಕ್ತವಾದ ಸಾಕ್ಷ್ಯವನ್ನು ಒದಗಿಸುತ್ತದೆ.

2. ಹಿಡಿಯುವುದು: ‘ಯೀ’

ಕ್ರಿ.ಪೂ. ಹದಿಮೂರನೆಯ ಶತಮಾನದಿಂದ ದೊರೆಯುವ, ಎಲುಬು ಮತ್ತು ಆಮೆಚಿಪ್ಪುಗಳ ಮೇಲಿನ ಶಕುನ ಬರಹಗಳು ಚೀನೀ ಭಾಷೆಯ ಅತ್ಯಂತ ಹಳೆಯ ದಾಖಲೆಗಳು. ಇವುಗಳಲ್ಲಿ ‘ಯೀ’ ಎಂಬುದು ‘ತೆಗೆದುಕೊಂಡು ಬರು, ಕರೆತರು’ ಎಂಬ ಅರ್ಥದ ಪೂರ್ಣ ಕ್ರಿಯಾಪದ. ನಂತರದ ಅಭಿಜಾತ ಚೀನೀ ಭಾಷೆಯಲ್ಲಿ ಇದು ಕರಣಾರ್ಥದ ಪೂರ್ವಸರ್ಗವಾಗಿ ನೆಲೆಗೊಂಡಿತು. ‘ಕತ್ತಿಯನ್ನು ಹಿಡಿದು ಕೊಂದ’ ಎಂಬಲ್ಲಿ ಹಿಡಿಯುವ ಕ್ರಿಯೆ ಗೌಣವಾಗಿ ಕೊಲ್ಲುವ ಕ್ರಿಯೆಯೇ ಪ್ರಧಾನವಾದಾಗ ‘ಕತ್ತಿಯಿಂದ ಕೊಂದ’ ಎಂಬ ಅರ್ಥ ತಾನಾಗಿ ಮೂಡುತ್ತದೆ. ಕರಣದಿಂದ ಕಾರಣಕ್ಕೆ ದೂರ ಹೆಚ್ಚಿಲ್ಲ. ಕತ್ತಿಯ ಸ್ಥಾನದಲ್ಲಿ ಕೈಗೆ ಸಿಕ್ಕದ ರೋಗವೋ ಅಪರಾಧವೋ ಬಂದು ನಿಂತರೆ ಅದು ಕಾರಣವಾಗುತ್ತದೆ. ಹಾನ್ ಕಾಲದ ಚರಿತ್ರೆಗಳಲ್ಲಿ ಅಧಿಕಾರಿಯೊಬ್ಬ ಅನಾರೋಗ್ಯದ ಕಾರಣ ಹುದ್ದೆಯಿಂದ ಬಿಡುಗಡೆ ಹೊಂದಿದ್ದನ್ನು ‘ಯೀ ಬಿಂಗ್ ಮಿಯೆನ್’ ಎಂಬ ಮೂರೇ ಅಕ್ಷರಗಳ ಸೂತ್ರದಲ್ಲಿ ಹೇಳುವ ರೂಢಿಯಿತ್ತು. ಇಲ್ಲಿ ‘ಬಿಂಗ್’ ಎಂದರೆ ರೋಗ, ‘ಮಿಯೆನ್’ ಎಂದರೆ ಬಿಡುಗಡೆ.

‘ಯೀ’ ತನ್ನ ಕ್ರಿಯಾಪದದ ಗುಣವನ್ನು ಪದಕ್ರಮದಲ್ಲಿಯೂ ಉಳಿಸಿಕೊಂಡಿತ್ತು. ಪ್ರಾಚೀನ ಚೀನೀ ಭಾಷೆಯಲ್ಲಿ ಕರ್ಮವು ಪ್ರಶ್ನಾರ್ಥಕ ಪದವಾಗಿದ್ದರೆ ಅದು ಕ್ರಿಯಾಪದಕ್ಕೆ ಮೊದಲೇ ಬರುತ್ತಿತ್ತು. ಪೂರ್ವಸರ್ಗವಾದ ಮೇಲೂ ‘ಯೀ’ ಇದೇ ನಿಯಮವನ್ನು ಪಾಲಿಸಿತು. ‘ಏತರಿಂದ, ಏಕೆ’ ಎಂಬರ್ಥದಲ್ಲಿ ‘ಏನು’ ಎಂಬ ಪದ ಮೊದಲು ಬಂದು ‘ಹ-ಯೀ’ ಎಂದಾಯಿತು. ‘ಇದರಿಂದ’ ಎಂಬುದಕ್ಕೂ ‘ಶಿ-ಯೀ’ ಎಂಬ ತಿರುಗುಮುರುಗಾದ ಕ್ರಮವೇ ಬಳಕೆಯಲ್ಲಿತ್ತು. ಬರಿದಾಯಿತೆಂದು ಹೇಳಲಾಗುವ ಪದವೊಂದು ತಾನು ಕ್ರಿಯಾಪದವಾಗಿದ್ದ ಕಾಲದ ವಾಕ್ಯನಿಯಮವನ್ನು ಶತಮಾನಗಳವರೆಗೆ ಕಾಪಾಡಿಕೊಂಡಿತೆಂಬುದು ಇಲ್ಲಿ ಗಮನಾರ್ಹ.

ಇಂದಿನ ಸ್ಥಿತಿ ಇನ್ನೂ ಕುತೂಹಲಕರವಾಗಿದೆ. ರೋಗದ ಕಾರಣ ರಜೆ ಪಡೆಯುವ ಸಂದರ್ಭದಲ್ಲಿ ಇಂದು ‘ಯೀ’ ಬಳಕೆಯಾಗುವುದಿಲ್ಲ. ಆದರೆ ಹಾಂಗ್‌ಝೌ ನಗರ ತನ್ನ ಪಶ್ಚಿಮ ಸರೋವರದಿಂದ ಪ್ರಸಿದ್ಧವಾಗಿದೆ ಎನ್ನುವಾಗ ‘ಯೀ’ ಇಂದಿಗೂ ಸಹಜ. ಪ್ರಸಿದ್ಧಿಗೆ ಕಾರಣವಾದ ಸರೋವರ ಆ ನಗರದ ಸ್ವತ್ತು, ಅದರ ಕೈಯಲ್ಲಿರುವ ಸಾಧನ. ರೋಗವಾದರೋ ಬಂದೆರಗಿದ್ದೇ ಹೊರತು ಹಿಡಿದದ್ದಲ್ಲ. ಹಿಡಿಯುವುದು ಎಂಬ ಮೂಲಾರ್ಥದ ಎಲ್ಲೆಗೆ ‘ಯೀ’ ಮರಳಿ ಬಂದು ನಿಂತಂತೆ ತೋರುತ್ತದೆ.

3. ಅನುಸರಿಸುವುದು ಮತ್ತು ಪರವಾಗಿ ಮಾಡುವುದು: ‘ಯಿನ್’ ಮತ್ತು ‘ವೆಯ್’

‘ಯಿನ್’ ಎಂಬುದರ ಮೂಲಾರ್ಥ ‘ಆಧರಿಸು, ಅನುಸರಿಸು’. ಬೆಟ್ಟವನ್ನು ಆಧಾರ ಮಾಡಿಕೊಂಡು ಕೋಟೆ ಕಟ್ಟುವುದು, ಗಾಳಿಯ ದಿಕ್ಕನ್ನು ಅನುಸರಿಸಿ ಬೆಂಕಿ ಹಚ್ಚುವುದು ಇವುಗಳನ್ನು ಹೇಳಲು ಈ ಪದ ಬಳಕೆಯಾಗುತ್ತಿತ್ತು. ಗಾಳಿಯನ್ನು ಅನುಸರಿಸಿ ಬೆಂಕಿ ಹಚ್ಚುವ ಸೇನಾಪತಿಗೆ ಗಾಳಿ ಒಂದು ಅನುಕೂಲ. ಆ ಬೆಂಕಿ ಊರಿಗೆ ಹರಡಿದಾಗ ಅದೇ ಗಾಳಿ ಒಂದು ಕಾರಣ. ಅನುಕೂಲ ಮತ್ತು ಕಾರಣ ಒಂದೇ ವಾಕ್ಯದಲ್ಲಿ ಓದಿಗೆ ಸಿಕ್ಕುವ ಇಂತಹ ಸಂದರ್ಭಗಳೇ ಅರ್ಥಾಂತರದ ಸೇತುವೆಗಳು. ಹೇತುವಾಚಕವಾದ ಮೇಲೆ ‘ಯಿನ್’ ಕಾಲಕ್ರಮದಲ್ಲಿ ‘ಯೀ’ ಹೊಂದಿದ್ದ ಕ್ಷೇತ್ರದ ಬಹುಭಾಗವನ್ನು ಆಕ್ರಮಿಸಿತು. ಇಂದು ಅನಾರೋಗ್ಯದ ರಜೆಯನ್ನು ‘ಯಿನ್ ಬಿಂಗ್’ ಎಂದೇ ಬರೆಯಲಾಗುತ್ತದೆ. ಕೈಯಲ್ಲಿ ಹಿಡಿದದ್ದಕ್ಕಿಂತ ಮುಂಚಿತವಾಗಿಯೇ ಇದ್ದು ನಂತರದ ಘಟನೆಯನ್ನು ಹೊರುವ ನೆಲೆಗಟ್ಟು ಎಂಬ ಕಲ್ಪನೆ ಕಾರಣಕ್ಕೆ ಹೆಚ್ಚು ಒಗ್ಗುವಂಥದ್ದಾದುದರಿಂದ ಈ ಪಲ್ಲಟ ಅರ್ಥವಾಗುವಂತಹುದೇ ಆಗಿದೆ.

‘ವೆಯ್’ ಇದಕ್ಕಿಂತ ತೊಡಕಿನ ಪದ. ಶಕುನ ಬರಹಗಳಲ್ಲಿ ಇದರ ಲಿಪಿಚಿಹ್ನೆ ಆನೆಯೊಂದನ್ನು ಕೈ ನಡೆಸುತ್ತಿರುವ ಚಿತ್ರ, ಅರ್ಥ ‘ಮಾಡು’. ಏರುವ ಸ್ವರದಲ್ಲಿ ನುಡಿದರೆ ಅದು ‘ಮಾಡು, ಆಗು’ ಎಂಬ ಕ್ರಿಯಾಪದ. ಇಳಿಯುವ ಸ್ವರದಲ್ಲಿ ನುಡಿದರೆ ‘ಸಲುವಾಗಿ’ ಎಂಬ ಪೂರ್ವಸರ್ಗ. ಈ ಇಳಿಯುವ ಸ್ವರ ಪ್ರಾಚೀನ ಕಾಲದಲ್ಲಿ ಪದದ ಕೊನೆಯಲ್ಲಿದ್ದ ಸಕಾರದಿಂದ ಹುಟ್ಟಿತೆಂಬುದು ಪ್ರಾಚೀನ ಧ್ವನಿಗಳ ಪುನಾರಚನೆಯಲ್ಲಿ ತೊಡಗಿರುವ ಅನೇಕ ವಿದ್ವಾಂಸರ ಅಭಿಪ್ರಾಯ. ಈ ಅಭಿಪ್ರಾಯ ಸರಿಯಾದರೆ ಪ್ರತ್ಯಯವೇ ಇಲ್ಲದ ಭಾಷೆಯೆಂಬ ವರ್ಣನೆಯನ್ನು ಚೀನೀ ಭಾಷೆಯ ಎಲ್ಲ ಕಾಲಕ್ಕೂ ಅನ್ವಯಿಸಲು ಬರುವುದಿಲ್ಲ.

ಒಬ್ಬರ ಪರವಾಗಿ ಮಾಡುವುದು, ಒಂದರ ಸಲುವಾಗಿ ಮಾಡುವುದು, ಒಂದರ ಕಾರಣದಿಂದ ಮಾಡುವುದು ಈ ಮೂರನ್ನೂ ‘ವೆಯ್’ ಹೊತ್ತಿತು. ಉದ್ದೇಶ ಮುಂದಿರುವುದು, ಕಾರಣ ಹಿಂದಿರುವುದು ಎಂಬುದು ತರ್ಕದ ವಿಭಜನೆ. ಮನುಷ್ಯನ ನಡವಳಿಕೆಯಲ್ಲಿ ಇವೆರಡೂ ಬೆರೆತಿರುತ್ತವೆ. ಹಣಕ್ಕಾಗಿ ಸತ್ತವನಿಗೆ ಹಣ ಉದ್ದೇಶವೂ ಹೌದು, ಸಾವಿನ ಕಾರಣವೂ ಹೌದು. ಇಂದಿನ ಭಾಷೆಯಲ್ಲಿ ‘ವೆಯ್’ ಕಾರಣಾರ್ಥವನ್ನು ವಿಶೇಷವಾಗಿ ಉಳಿಸಿಕೊಂಡಿರುವುದು ಭಾವಸೂಚಕ ಕ್ರಿಯೆಗಳೊಡನೆ ಎಂಬುದು ಇಲ್ಲಿ ಪರಿಶೀಲನಾರ್ಹ. ‘ಅವನಿಗಾಗಿ ಚಿಂತಿಸು’, ‘ಅವನಿಗಾಗಿ ಸಂತೋಷಪಡು’ ಎಂಬಂತಹ ಪ್ರಯೋಗಗಳಲ್ಲಿ ಚಿಂತೆಗೆ ಕಾರಣನಾದವನೇ ಚಿಂತೆಯ ಗುರಿಯೂ ಆಗಿದ್ದಾನೆ. ಪರವಾಗಿ ನಿಲ್ಲುವುದು ಎಂಬ ಹಳೆಯ ಅರ್ಥ ಇಲ್ಲಿ ಬರಿದಾಗಿಲ್ಲ.

4. ಉಳಿಯದೆ ಹೋದವು: ‘ಯುವಾನ್’ ಮತ್ತು ‘ತ್ಸುವೊ’

ಮಧ್ಯಯುಗದಲ್ಲಿ ಇನ್ನೂ ಕೆಲವು ಪದಗಳು ಈ ಕ್ಷೇತ್ರವನ್ನು ಪ್ರವೇಶಿಸಿದವು. ‘ಯುವಾನ್’ ಎಂದರೆ ಬಟ್ಟೆಯ ಅಂಚು, ಅದರಿಂದ ‘ಅಂಚಿನುದ್ದಕ್ಕೂ ಸಾಗು, ಹತ್ತು’, ಅದರಿಂದ ‘ಕಾರಣವಾಗಿ’. ‘ತ್ಸುವೊ’ ಎಂದರೆ ಕುಳಿತುಕೊಳ್ಳು; ನ್ಯಾಯಾಲಯದ ಭಾಷೆಯಲ್ಲಿ ‘ಅಪರಾಧಕ್ಕೆ ಗುರಿಯಾಗು’; ಕಳವಿಗಾಗಿ ಗುರಿಯಾದವನ ಶಿಕ್ಷೆಗೆ ಕಳವೇ ಕಾರಣವಾದುದರಿಂದ, ಅಲ್ಲಿಂದ ‘ಕಾರಣವಾಗಿ’. ತಾಂಗ್ ಕಾಲದ ಕವಿ ದು ಮು (803–852) ಬೆಟ್ಟದ ಪ್ರಯಾಣವನ್ನು ಕುರಿತು ಬರೆದ ಪ್ರಸಿದ್ಧ ಚೌಪದಿಯಲ್ಲಿ ಈ ಪದ ಕಾರಣಾರ್ಥದಲ್ಲಿಯೇ ಬಂದಿದೆ. ಇಂದಿನ ಓದುಗನಿಗೆ ಮಾತ್ರ ಅದು ಮೊದಲಿಗೆ ‘ಕುಳಿತು’ ಎಂದೇ ತೋರುವುದರಿಂದ ಟಿಪ್ಪಣಿಯ ಅಗತ್ಯವಿದೆ.

ಈ ಎರಡೂ ಪದಗಳು ಪೂರ್ವಸರ್ಗಗಳಾಗಿ ಮುಂದುವರಿಯಲಿಲ್ಲ. ‘ಯುವಾನ್’ ಇಂದು ಕಾರಣವೆಂಬ ಅರ್ಥದ ಸಮಸ್ತ ನಾಮಪದಗಳಲ್ಲಿ ಮತ್ತು ಋಣಾನುಬಂಧದಂತಹ ಅರ್ಥದಲ್ಲಿ ಉಳಿದಿದೆ. ‘ತ್ಸುವೊ’ ಒಬ್ಬನ ಅಪರಾಧಕ್ಕೆ ಇತರರನ್ನೂ ಶಿಕ್ಷಿಸುವ ಪದ್ಧತಿಯ ಹೆಸರಿನಲ್ಲಿ ತನ್ನ ನ್ಯಾಯಾಲಯದ ಅರ್ಥವನ್ನು ಉಳಿಸಿಕೊಂಡು, ಉಳಿದೆಡೆ ‘ಕುಳಿತುಕೊಳ್ಳು’ ಎಂಬಲ್ಲಿಗೇ ಮರಳಿದೆ. ಬರಿದಾಗುವುದೇ ನಿಯಮವಾಗಿದ್ದರೆ ಪದವೊಂದು ಹೀಗೆ ಮರಳುವುದು ವಿವರಣೆಗೆ ಸಿಕ್ಕುವುದಿಲ್ಲ. ತುಂಬಿದ ಅರ್ಥ ಮತ್ತು ಸಂಬಂಧಾರ್ಥ ಅಕ್ಕಪಕ್ಕದಲ್ಲಿ ಬಾಳುತ್ತಿದ್ದವು; ಒಂದು ಬಳಕೆ ಅಳಿದಾಗ ಇನ್ನೊಂದು ಉಳಿಯಿತು ಎನ್ನುವುದೇ ಹೆಚ್ಚು ಸರಿಯಾದ ವಿವರಣೆ.

5. ಪಂಚಮಿ ವಿಭಕ್ತಿಯ ಅನುವಾದ

ಚೀನೀ ಭಾಷೆಯ ಈ ಚರಿತ್ರೆಯಲ್ಲಿ ಭಾರತೀಯ ಭಾಷೆಯೊಂದು ನೇರವಾಗಿ ಪಾಲುಗೊಂಡ ಘಟ್ಟವೊಂದಿದೆ. ಬೌದ್ಧ ಗ್ರಂಥಗಳ ಅನುವಾದಕರು ‘ಹೇತು’ ಎಂಬುದಕ್ಕೆ ‘ಯಿನ್’ ಎಂದೂ ‘ಪ್ರತ್ಯಯ’ ಎಂಬುದಕ್ಕೆ ‘ಯುವಾನ್’ ಎಂದೂ ಸಮಾನಪದಗಳನ್ನು ಇರಿಸಿದರು. ಬೌದ್ಧ ದರ್ಶನದಲ್ಲಿ ಪ್ರತ್ಯಯವೆಂದರೆ ಹೇತುವಿಗೆ ಒದಗುವ ಪೋಷಕ ನಿಮಿತ್ತ. ತರ್ಕಶಾಸ್ತ್ರ, ಅಂದರೆ ಹೇತುವಿದ್ಯೆ, ಚೀನೀ ಭಾಷೆಯಲ್ಲಿ ‘ಯಿನ್-ಮಿಂಗ್’ ಎನಿಸಿಕೊಂಡಿತು.

ಪದಗಳಿಗಿಂತ ವಿಭಕ್ತಿಗಳ ಅನುವಾದ ಕಠಿಣವಾದದ್ದು. ಶಬ್ದ ಅನಿತ್ಯವೆಂಬುದಕ್ಕೆ ಭಾರತೀಯ ತರ್ಕ ನೀಡುವ ಹೇತುವನ್ನು ಸಂಸ್ಕೃತ ‘ಕೃತಕತ್ವಾತ್’ ಎಂಬ ಒಂದೇ ಪಂಚಮ್ಯಂತ ಪದದಲ್ಲಿ ಹೇಳುತ್ತದೆ. ವಿಭಕ್ತಿ ಪ್ರತ್ಯಯವಿಲ್ಲದ ಭಾಷೆಯಲ್ಲಿ ಇದನ್ನು ತರಲು ಕ್ಸುವಾನ್‌ಜಾಂಗ್ (ಹ್ಯೂಯೆನ್ ತ್ಸಾಂಗ್, 602–664) ಮೊದಲಾದ ಅನುವಾದಕರು ‘ಕಾರಣ’ ಎಂಬರ್ಥದ ‘ಗೂ’ ಎಂಬ ನಾಮಪದವನ್ನು ಹೇತುವಾಕ್ಯದ ಕೊನೆಯಲ್ಲಿ ಇರಿಸಿದರು. ಕಾರಣವನ್ನು ಹೇಳಿ ಕೊನೆಗೆ ‘ಗೂ’ ಎಂದು ಮುಗಿಸುವ ಈ ಕ್ರಮಕ್ಕೆ ‘ಯೀ’ಯೊಡನೆ ‘ಗೂ’ ಸೇರುತ್ತಿದ್ದ ಹಳೆಯ ದೇಶೀ ರಚನೆಯೊಂದರ ಆಸರೆ ಇತ್ತು. ಆದರೆ ಅದರ ವ್ಯಾಪಕತೆಗೆ ಸಂಸ್ಕೃತದ ವಿಭಕ್ತಿಯೇ ಪ್ರೇರಣೆ. ಪೂರ್ವಸರ್ಗಗಳ ಭಾಷೆಯಲ್ಲಿ ಹೀಗೆ ಪರಸರ್ಗವನ್ನು ಹೋಲುವ ರೂಪವೊಂದು ಸಾವಿರಾರು ಪುಟಗಳಲ್ಲಿ ಕಾಣಿಸಿಕೊಂಡಿತು.

ಅದು ಆಡುಮಾತಿನಲ್ಲಿ ಬೇರೂರಲಿಲ್ಲ. ಧರ್ಮಗ್ರಂಥಗಳ ಶೈಲಿಯ ಲಕ್ಷಣವಾಗಿಯೇ ಉಳಿಯಿತು. ಇದನ್ನು ಚೀನೀ ಭಾಷೆಯ ಅಸಾಮರ್ಥ್ಯವೆಂದು ಓದುವುದು ತಪ್ಪು. ತನಗೆ ಬೇಕಾದಷ್ಟು ಕಾಲ, ಬೇಕಾದ ಪ್ರಕಾರದಲ್ಲಿ, ತನ್ನದೇ ಪದದಿಂದ ಪರಭಾಷೆಯ ವಿಭಕ್ತಿಯನ್ನು ನುಡಿಯಬಲ್ಲ ಭಾಷೆಯನ್ನು ಕೆಳಗಿನ ಮೆಟ್ಟಿಲಿನ ಭಾಷೆಯೆಂದು ಕರೆಯುವುದು ಸಾಧ್ಯವಿಲ್ಲ.

6. ಎರಡಕ್ಷರದ ಪದಗಳು ಮತ್ತು ಆಧುನಿಕ ಶ್ರಮವಿಭಜನೆ

ತಾಂಗ್ (618–907) ಮತ್ತು ಸೋಂಗ್ (960–1279) ಕಾಲಗಳಿಂದ ‘ಯಿನ್’ ಮತ್ತು ‘ವೆಯ್’ ಕೂಡಿ ‘ಯಿನ್‌ವೆಯ್’ ಎಂಬ ಜೋಡಿಪದ ಕಾರಣಾರ್ಥದಲ್ಲಿ ನೆಲೆಗೊಳ್ಳತೊಡಗಿತು. ಇಂದು ಮಾತಿನಲ್ಲಿ ಕಾರಣವನ್ನು ಹೇಳುವ ಮುಖ್ಯ ಪದ ಇದೇ. ಇದು ನಾಮಪದವನ್ನೂ ಇಡೀ ವಾಕ್ಯವನ್ನೂ ಹೊರಬಲ್ಲದು. ‘ವೆಯ್‌ಲ’ ಎಂಬ ಇನ್ನೊಂದು ಪದದಲ್ಲಿ ಕೊನೆಗೆ ಬಂದಿರುವ ‘ಲ’ ಮೂಲತಃ ಕ್ರಿಯಾಪದಗಳಿಗೆ ಹತ್ತುವ ಅವ್ಯಯ. ಪೂರ್ವಸರ್ಗದ ಮೈಮೇಲೆ ಕ್ರಿಯಾಪದದ ಆಭರಣ ಇನ್ನೂ ಉಳಿದಿದೆಯೆಂಬುದಕ್ಕೆ ಇದು ಸಾಕ್ಷಿ. ಮಿಂಗ್ ಮತ್ತು ಚಿಂಗ್ ಕಾಲದ ಆಡುನುಡಿಯ ಕಥನಗಳಿಂದ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ‘ವೆಯ್‌ಲ’ ಕಾರಣ ಮತ್ತು ಉದ್ದೇಶ ಎರಡನ್ನೂ ಹೇಳುತ್ತಿತ್ತು. ಉದ್ದೇಶಕ್ಕೆ ‘ವೆಯ್‌ಲ’, ಕಾರಣಕ್ಕೆ ‘ಯಿನ್‌ವೆಯ್’ ಎಂಬ ಇಂದಿನ ಕಟ್ಟುನಿಟ್ಟಾದ ಹಂಚಿಕೆ ಆಧುನಿಕ ಪ್ರಮಾಣಭಾಷೆಯ ಕೊಡುಗೆ. ‘ಯೋವ್‌ಯೂ’ ಎಂಬ ಪದದ ಮೂಲದಲ್ಲಿ ‘ಮೂಲಕ ಸಾಗು, ಇಂದ ಹೊರಡು’ ಎಂಬ ಅರ್ಥವಿದೆ. ಇಪ್ಪತ್ತನೆಯ ಶತಮಾನದ ಬರಹದ ಭಾಷೆಯಲ್ಲಿ ಇದಕ್ಕೆ ವಿಶೇಷ ಪ್ರಾಚುರ್ಯ ದೊರೆಯಿತು. ವರದಿ, ಪ್ರಬಂಧ, ಆಡಳಿತ ಪತ್ರಗಳೇ ಇದರ ಮುಖ್ಯ ನೆಲೆ.

ಮೂಲಾರ್ಥ ಎಲ್ಲ ಕಡೆಯೂ ಬಳಕೆಯನ್ನು ನಿಯಂತ್ರಿಸುತ್ತದೆ ಎಂದು ಹೇಳಲಾಗದು ಎಂಬ ಆಕ್ಷೇಪಕ್ಕೆ ಇಲ್ಲಿ ಅವಕಾಶವಿದೆ. ‘ಯಿನ್’ ಮತ್ತು ‘ಯಿನ್‌ವೆಯ್’ಗಳ ನಡುವಿನ ಆಯ್ಕೆ ಬಹುಮಟ್ಟಿಗೆ ಲಯಕ್ಕೆ ಮತ್ತು ಶೈಲಿಗೆ ಸಂಬಂಧಿಸಿದ್ದು. ಒಂದಕ್ಷರದ ನಾಮಪದದೊಡನೆ ಬರಹದಲ್ಲಿ ‘ಯಿನ್’ ಸೊಗಸುತ್ತದೆ. ಉದ್ದನೆಯ ಪದಗಳೊಡನೆ ಮಾತಿನಲ್ಲಿ ‘ಯಿನ್‌ವೆಯ್’ ಒಗ್ಗುತ್ತದೆ. ಈ ಆಕ್ಷೇಪವನ್ನು ಒಪ್ಪಬೇಕಾಗುತ್ತದೆ. ಆದರೆ ಇದರಿಂದ ಬರಿದಾಗುವಿಕೆಯ ಸಿದ್ಧಾಂತಕ್ಕೆ ಬಲ ಬರುವುದಿಲ್ಲ. ಪದವೊಂದರ ಆಯ್ಕೆಯನ್ನು ಅರ್ಥದ ಜೊತೆಗೆ ಲಯ, ಶೈಲಿ, ಬರಹದ ಪ್ರಕಾರಗಳೂ ನಿರ್ಣಯಿಸುತ್ತವೆ ಎಂದಾದರೆ ಆ ಪದ ಹೊಸ ಹೊಣೆಗಳನ್ನು ಪಡೆದುಕೊಂಡಿದೆಯೆಂದೇ ತಿಳಿಯಬೇಕಾಗುತ್ತದೆ.

7. ಕನ್ನಡದ ಅಧ್ಯಯನಕ್ಕೆ ಇದರ ಪ್ರಸ್ತುತತೆ

ಕನ್ನಡವೂ ಕಾರಣವನ್ನು ಹೇಳಲು ಕಡ ತಂದ ಪದಗಳನ್ನೇ ನೆಚ್ಚಿದೆ. ‘ಮಳೆಯಿಂದ ಬೆಳೆ ಹಾಳಾಯಿತು’ ಎಂಬಲ್ಲಿಯ ‘ಇಂದ’ ಕರಣಕ್ಕೂ ಕಾರಣಕ್ಕೂ ಸಮಾನ. ಶಾಲಾ ವ್ಯಾಕರಣಗಳು ಪಂಚಮಿಯ ಪ್ರತ್ಯಯವೆಂದು ಕೊಡುವ ‘ದೆಸೆಯಿಂದ’ ಎಂಬುದರಲ್ಲಿ ದಿಕ್ಕನ್ನು ಹೇಳುವ ‘ದೆಸೆ’ ಸ್ಪಷ್ಟವಾಗಿಯೇ ಇದೆ. ‘ನಿನ್ನ ದೆಸೆಯಿಂದ ಕೆಟ್ಟೆ’ ಎನ್ನುವಾಗ ಆ ದಿಕ್ಕು ಕಾರಣವಾಗಿರುತ್ತದೆ. ‘ಅನಾರೋಗ್ಯದ ನಿಮಿತ್ತ ರಜೆ’ ಎಂದು ಬರೆಯುವ ಕನ್ನಡಿಗನೂ ‘ಯಿನ್ ಬಿಂಗ್’ ಎಂದು ಬರೆಯುವ ಚೀನೀಯನೂ ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ಅರ್ಜಿಯನ್ನು ಬರೆಯುತ್ತಾರೆ. ಪ್ರಶ್ನೆಯ ರೂಪದಲ್ಲಿಯೂ ಇಂತಹುದೇ ಸಾಮ್ಯ ಕಾಣುತ್ತದೆ. ಕನ್ನಡದ ‘ಏಕೆ’ ಎಂಬುದು ಚತುರ್ಥಿಯ ರೂಪ, ಅಂದರೆ ‘ಯಾವುದಕ್ಕೆ’. ಇಂದಿನ ಚೀನೀ ಭಾಷೆಯ ‘ವೆಯ್ ಶನ್‌ಮ’ ಕೂಡ ‘ಯಾವುದಕ್ಕಾಗಿ’ ಎಂದೇ ಕೇಳುತ್ತದೆ. ಹಳೆಯ ‘ಹ-ಯೀ’ ಮಾತ್ರ ‘ಏತರಿಂದ’ ಎಂದು ಕೇಳುತ್ತಿತ್ತು. ಎರಡು ಭಾಷೆಗಳಲ್ಲಿಯೂ ಪ್ರಶ್ನೆ ಉದ್ದೇಶದ ದಾರಿಯಲ್ಲಿ ಹೊರಟು ಉತ್ತರ ಕಾರಣದ ದಾರಿಯಲ್ಲಿ ಬರುವುದು ಸಾಧ್ಯ.

ಈ ಸಾಮ್ಯಗಳು ಭಾಷಾಸಂಬಂಧವನ್ನು ಸೂಚಿಸುವುದಿಲ್ಲ. ಕಾರಣವನ್ನು ಕುರಿತ ಮನುಷ್ಯನ ಆಲೋಚನೆ ಹಿಡಿಯುವ ಕೆಲವು ಸಮಾನ ದಾರಿಗಳನ್ನು ಸೂಚಿಸುತ್ತವೆ. ಪಾಣಿನಿ ಹೇತುವಿಗೆ ತೃತೀಯೆಯನ್ನು ವಿಧಿಸಿ, ಕೆಲವೆಡೆ ಪಂಚಮಿಗೂ ಅವಕಾಶ ನೀಡಿದ. ಸಂಸ್ಕೃತದ ವಿಭಕ್ತಿ ಚೌಕಟ್ಟನ್ನು ಅನುಸರಿಸಿದ ಕನ್ನಡ ವ್ಯಾಕರಣಗಳು ಪ್ರತ್ಯಯಗಳಿಗೆ ಅರ್ಥಗಳ ಪಟ್ಟಿಯನ್ನು ಕೊಟ್ಟವು. ಪಟ್ಟಿ ಯಾವ ಅರ್ಥಗಳಿವೆ ಎಂಬುದನ್ನು ತಿಳಿಸುತ್ತದೆಯೇ ಹೊರತು ಅವು ಅಲ್ಲಿಗೆ ಹೇಗೆ ಬಂದವು ಎಂಬುದನ್ನು ತಿಳಿಸುವುದಿಲ್ಲ. ‘ದೆಸೆಯಿಂದ’, ‘ಸಲುವಾಗಿ’, ‘ಓಸ್ಕರ’, ‘ನಿಮಿತ್ತ’, ‘ಪ್ರಯುಕ್ತ’, ‘ಕಾರಣ’ ಇವು ಶಾಸನಗಳಿಂದ ಇಂದಿನವರೆಗೆ ಯಾವ ಕಾಲದಲ್ಲಿ, ಯಾವ ಬಗೆಯ ಕಾರಣಗಳೊಡನೆ ಬಳಕೆಯಾದವು, ಯಾವುದು ಯಾವುದರ ಕ್ಷೇತ್ರವನ್ನು ಆಕ್ರಮಿಸಿತು ಎಂಬ ಪ್ರಶ್ನೆಗಳನ್ನು ಕೇಳಲು ಕನ್ನಡದಲ್ಲಿ ಸಾಮಗ್ರಿಯ ಕೊರತೆಯಿಲ್ಲ. ‘ಹಬ್ಬದ ಪ್ರಯುಕ್ತ ರಜೆ’ ಎಂಬುದು ಸರಿಯೆನಿಸಿ ‘ಜ್ವರದ ಪ್ರಯುಕ್ತ ರಜೆ’ ಎಂಬುದು ಏಕೆ ಒಗ್ಗುವುದಿಲ್ಲ ಎಂಬುದನ್ನು ಯಾವ ಪಟ್ಟಿಯೂ ವಿವರಿಸಲಾರದು.

ಒಂದು ಭಾಷೆಯನ್ನು ಅದರಲ್ಲಿ ಇಲ್ಲದಿರುವುದರಿಂದ ಅಳೆಯುವ ಪದ್ಧತಿ ಕೇವಲ ಚೀನೀ ಭಾಷೆಗೆ ಅನ್ಯಾಯ ಮಾಡಿಲ್ಲ. ಅದೇ ಅಳತೆಗೋಲು ಕನ್ನಡವನ್ನೂ ಮೇಲಿನ ಮೆಟ್ಟಿಲು ತಲುಪದ ಭಾಷೆಯೆಂದು ನಡುವಿನಲ್ಲಿ ನಿಲ್ಲಿಸಿತ್ತು. ಹಿಡಿಯುವುದನ್ನು, ಅನುಸರಿಸುವುದನ್ನು, ಅಪರಾಧಿಯಾಗಿ ಕುಳಿತುಕೊಳ್ಳುವುದನ್ನು ಕಾರಣವೆಂಬ ಅಮೂರ್ತ ಸಂಬಂಧವನ್ನಾಗಿ ಪರಿವರ್ತಿಸಿ, ಮೂಲದ ನೆನಪನ್ನೂ ಉಳಿಸಿಕೊಂಡ ಭಾಷೆಯೊಂದರ ಚರಿತ್ರೆ ಆ ಅಳತೆಗೋಲನ್ನೇ ಪ್ರಶ್ನಿಸುತ್ತದೆ. ಕನ್ನಡದ ಚಾರಿತ್ರಿಕ ವ್ಯಾಕರಣವು ತನ್ನ ಪ್ರತ್ಯಯಗಳನ್ನೂ ಪರಸರ್ಗಗಳನ್ನೂ ಇದೇ ದೃಷ್ಟಿಯಿಂದ ಪರಿಶೀಲನೆಗೆ ಒಳಪಡಿಸುವುದು ಇಂದಿನ ಅಗತ್ಯವಾಗಿದೆ.